ಐವತ್ತರ ಸಪ್ಪಳ

ಮುಳ್ಳು ನೆಟ್ಟಗೆ ನಿಂತ ಜಾಗವನ್ನು ದಾಟಗೊಡುವುದಿಲ್ಲ ಎಂದು ಉಳವಪ್ಪ ಹೆಂಡತಿ ಬಾಯವ್ವನಿಗೆ ಮಾತು ಕೊಟ್ಟು ಹದಿನೆಂಟು ವರ್ಷವಾಗಿತ್ತು. ಸಿರಸಂಗಿಯಿಂದ ಬರುವಾಗ ಪಿಕಪ್ಪು ಗಟಾರಕ್ಕಿಳಿದು, ಆಕೆಯ ಹೊಟ್ಟೆಯಲ್ಲಿದ್ದ ಆರು ತಿಂಗಳ ಮೊದಲ ಕೂಸು ಹೋಗಿತ್ತು. ದವಾಖಾನೆಯಿಂದ ಮನೆಗೆ ಕರೆದೊಯ್ಯುವ ದಿನ ಆಕೆ ಸೀಟಿನ ಮೇಲೆ ಕೂತವಳು ಕೀಲಿ ತಿರುಗಿಸಗೊಟ್ಟಿರಲಿಲ್ಲ. ಬೈಯಲಿಲ್ಲ, ಅಳಲೂ ಇಲ್ಲ. ವೇಗ ತೋರಿಸುವ ಗುಂಡನೆಯ ಗಾಜಿನ ಮೇಲೆ ಬೆರಳಿಟ್ಟು, "ಈ ಮುಳ್ಳು ಇಲ್ಲಿಗೆ ಬಂದ್ರ ನೆಟ್ಟಗ ನಿಂತಂಗ ಆಕ್ಕೈತಿ, ಹೌದಿಲ್ರಿ?" ಎಂದು ಕೇಳಿದ್ದಳು. ಬೆರಳು ಐವತ್ತರ ಮೇಲಿತ್ತು. ಹೌದು ಎಂದಿದ್ದ. "ಅಲ್ಲಿಂದ ಆಚೀಕ ವಾಲಬಾರದು. ನನ್ನ ಮ್ಯಾಲೆ ಆಣಿ ಮಾಡ್ರಿ." ಆಕೆಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಕೂದಲು ದವಾಖಾನೆಯ ಔಷಧದ ವಾಸನೆ ಹೊಡೆಯುತ್ತಿತ್ತು. ಆರು ವರ್ಷದ ಮೇಲೆ ಕಟಕೋಳದ ದಾರಿಯಲ್ಲಿ ಕೇಬಲ್ ಹರಿದು ಮುಳ್ಳು ಸೊನ್ನೆಯ ಮೇಲೆ ಮಲಗಿದಾಗ ಅವನಿಗೆ ಅದರ ಗರಜು ಉಳಿದಿರಲಿಲ್ಲ. ಐವತ್ತರ ಸಪ್ಪಳ ಅಷ್ಟರಲ್ಲಿ ಅವನ ಮೈಯೊಳಗೇ ಇತ್ತು. ಎಂಜಿನ್ನು ಒಂದೇ ಸಮನೆ ಕಿರಚಿಕೊಳ್ಳುತ್ತದೆ, ಗೇರಿನ ಕೋಲು ಅಂಗೈಯಲ್ಲಿ ಜುಂ ಎನ್ನುತ್ತದೆ, ಬೆನ್ನ ಹಿಂದಿನ ತಗಡು ಹಾಡುತ್ತದೆ. ತಗಡು ಹಾಡತೊಡಗಿದರೆ ಐವತ್ತು, ಕಾಲು ಸಡಿಲಿಸು. ಬೈಲಹೊಂಗಲದಿಂದ ರಾಮದುರ್ಗದ ತನಕ ಅವನ ಹೆಸರೇ ಐವತ್ತರ ಉಳವಪ್ಪ ಎಂದಾಗಿತ್ತು. "ಉಳವಪ್ಪನ ಗಾಡಿ ಸಪ್ಪಳ ಕೇಳಿದ ಮ್ಯಾಲೆ ಎದ್ದು, ಹಲ್ಲು ತಿಕ್ಕಿ, ಜಳಕಾ ಮಾಡಿ ಬಂದ್ರೂ ಗಾಡಿ ಸಿಗತೈತಿ" ಎಂದು ಕಿತ್ತೂರಿನ ಚಹಾದಂಗಡಿಯಲ್ಲಿ ನಗುತ್ತಿದ್ದರು. ಅವನೂ ನಗುತ್ತಿದ್ದ. ನಗುವಾಗ ಕಿವಿಯ ಬುಡ ಬಿಸಿಯಾಗುತ್ತಿದ್ದದ್ದು ಅವನಿಗೊಬ್ಬನಿಗೇ ಗೊತ್ತಿತ್ತು.

ಈ ಹೊತ್ತು ಬೆಳಿಗ್ಗೆ ಮಗಳು ಮಂಜುಳಾ ಪಕ್ಕದಲ್ಲಿದ್ದಳು. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು, ಎಂ.ಕೆ. ಹುಬ್ಬಳ್ಳಿಯಲ್ಲಿ ಅವನ ತಂಗಿ ರಾಚವ್ವನ ಮನೆಯಲ್ಲಿ ಕೂತು ಓದುತ್ತೇನೆಂದು ಹಟ ಹಿಡಿದು ಹೊರಟಿದ್ದಳು. ಹಿಂದೆ ಹತ್ತಿಕಾಳಿನ ಹಿಂಡಿಯ ಚೀಲಗಳು. ಕಿತ್ತೂರು ದಾಟಿ ಹೆದ್ದಾರಿಗೆ ಏರಿದ ಮೇಲೆ ಅವಳು ಪುಸ್ತಕ ಮುಚ್ಚಿ ಮಣಿಕಟ್ಟಿನ ಹೊಸ ವಾಚನ್ನು ನೋಡುತ್ತ ತುಟಿಯಲ್ಲೇ ಎಣಿಸತೊಡಗಿದ್ದಳು. ಪರೀಕ್ಷೆಯಲ್ಲಿ ಯಾವ ಪ್ರಶ್ನೆಗೆ ಎಷ್ಟು ನಿಮಿಷ ಎಂದು ಮಾಸ್ತರರು ಹೇಳಿಕೊಟ್ಟ ಮೇಲೆ ಅವಳಿಗೆ ಎಲ್ಲವನ್ನೂ ಸೆಕೆಂಡಿನಲ್ಲಿ ಅಳೆಯುವ ಹುಚ್ಚು ಹಿಡಿದಿತ್ತು. ರೊಟ್ಟಿ ಬೇಯುವುದು, ಹಂಡೆ ತುಂಬುವುದು, ಅವ್ವ ಒಂದು ಉಸಿರಿನಲ್ಲಿ ಬೈಯುವುದು. ಉಳವಪ್ಪ ಅದನ್ನು ನೆನೆದು ಮುಗುಳ್ನಗುತ್ತ ತಗಡಿನ ಹಾಡು ಕೇಳುತ್ತಿದ್ದ. ಹೆದ್ದಾರಿ ಅಗಲವಾದಾಗಿನಿಂದ ಎಲ್ಲ ಸಸೂತ್ರ ನಡೆದಿದೆ ಅನಿಸುತ್ತಿತ್ತು. ಹಿಂಡಿ ಲಗೂ ಮುಟ್ಟುತ್ತದೆ. ಹಿಂದಿನಿಂದ ಹಾರ್ನು ಹೊಡೆದು ಹೊಡೆದು ಜೀವ ತಿನ್ನುತ್ತಿದ್ದ ಲಾರಿಯವರೂ ಈಗೀಗ ಸುಮ್ಮನಾಗಿದ್ದಾರೆ, ಒಂದಿಷ್ಟು ಮರ್ಯಾದೆ ಕಲಿತಿದ್ದಾರೆ.

"ಯಪ್ಪಾ, ಐವತ್ತು."

"ಏನ ಐವತ್ತು?"

"ಈ ಕಿಲೋಮೀಟರ್ ಕಲ್ಲಿಂದ ಆ ಕಲ್ಲಿಗೆ. ಮೂರ ಸರ್ತಿ ನೋಡಿದ್ನಿ. ಬರೋಬ್ಬರಿ ಐವತ್ತು."

ಅವನ ಎದೆ ಉಬ್ಬಿತು. "ಮತ್ತ? ಮುಳ್ಳಿಲ್ಲ, ಗಿಳ್ಳಿಲ್ಲ. ಬರೇ ಕಿವಿ. ನಿಮ್ಮ ಅವ್ವನ ಮುಂದ ಹೇಳ ಇದನ್ನ. ನಿಮ್ಮಪ್ಪ ಐವತ್ತು ಅಂದ್ರ ಐವತ್ತು."

ಮಂಜುಳಾ ಕಿಸಕ್ಕನೆ ನಕ್ಕಳು. "ಐವತ್ತು ಸೆಕೆಂಡೋ ಯಪ್ಪಾ! ಐವತ್ತು ಸೆಕೆಂಡಿಗೆ ಒಂದು ಕಿಲೋಮೀಟರ್. ತಾಸಿಗೆ ಮೂರು ಸಾವಿರದ ಆರನೂರು ಸೆಕೆಂಡು. ಐವತ್ತರಲೆ ಭಾಗಿಸು." ಅಂಗೈಯ ಮೇಲೆ ಬೆರಳಿನಿಂದ ಗೀಚಿ, "ಎಪ್ಪತ್ತೆರಡು. ನಾವು ಎಪ್ಪತ್ತೆರಡರಾಗ ಹೊಂಟೇವಿ. ಈ ಮುದಿ ಗಾಡಿ ಎಪ್ಪತ್ತೆರಡು ಓಡತೈತಿ ಅಂದ್ರ ಗೆಳತ್ಯಾರು ನಂಬಂಗಿಲ್ಲ ನೋಡು!" ಎಂದಳು.

"ನಿನ್ನ ವಾಚ್ ಕೆಟ್ಟೈತಿ."

"ಮೊನ್ನೆ ತಗೊಂಡಿದ್ದು!"

"ಕಲ್ಲು ತಪ್ಪ ನೆಟ್ಟಾರ. ಗುತ್ತಿಗೇದಾರರು ಕುಡದು ನೆಟ್ಟಿರತಾರ."

"ಮೂರೂ ಕಲ್ಲು?"

ಉಳವಪ್ಪನ ಕಾಲು ಹಾಗೆಯೇ ಇತ್ತು, ತಗಡು ಹಾಡುತ್ತಲೇ ಇತ್ತು, ಆದರೆ ಮುಂದಿನ ಡಾಂಬರು ಒಮ್ಮೆಲೆ ಅವನ ಕಡೆಗೆ ನುಗ್ಗಿ ಬರತೊಡಗಿತು. ಈ ತನಕ ಅದು ನಿಂತಿತ್ತು, ಇವನು ಹೋಗುತ್ತಿದ್ದ. ಈಗ ಅದೇ ಬಾಯಿ ತೆರೆದು ಗಾಡಿಯ ಕೆಳಗೆ ಹರಿದು ಹೋಗುತ್ತಿತ್ತು. ರಸ್ತೆ ನಡುವಿನ ಕಣಗಿಲೆ ಗಿಡಗಳು ಒಂದಕ್ಕೊಂದು ಅಂಟಿ ಹಸಿರು ಗೋಡೆಯಾಗಿದ್ದವು. ಗಿಡ ಬಿಡಿಬಿಡಿಯಾಗಿ ಕಾಣದೆ ಎಷ್ಟು ದಿನವಾಯಿತು? ಮಗಳ ಮೊಣಕಾಲು ಮುಂದಿನ ತಗಡಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಮೊದಲ ಸಲ ನೋಡಿದವನ ಹಾಗೆ ನೋಡಿದ. ಹೋದ ಯುಗಾದಿಯಿಂದ ಈಚೆಗೆ ಬಾಯವ್ವ ಈ ಸೀಟಿನಲ್ಲಿ ಎಷ್ಟು ಸಲ ಕೂತಿದ್ದಾಳೆ, ಈ ಹಾಡು ಕೇಳಿ ನಿಶ್ಚಿಂತೆಯಿಂದ ತೂಕಡಿಸಿದ್ದಾಳೆ. ಆಕೆಗೂ ಈ ಸಪ್ಪಳ ಗೊತ್ತಿತ್ತು.

ಮಿಸ್ತ್ರಿ ನಾಸಿರ ಆಗಲೇ ಹೇಳಿದ್ದ. ಹೇಳಲಿಲ್ಲ ಎನ್ನಲು ಬರುವಂತಿರಲಿಲ್ಲ. ಬೈಲಹೊಂಗಲದ ಬೇವಿನ ಗಿಡದ ಕೆಳಗಿನ ತನ್ನ ಗ್ಯಾರೇಜಿನಲ್ಲಿ ಹಿಂದಿನ ಗಾಲಿಗಳ ನಡುವಿನ ಗುಂಡನೆಯ ಡಬ್ಬಿ ಬಿಚ್ಚಿ, ಎಣ್ಣೆ ಸುರಿಯುವ ಎರಡು ಹಲ್ಲಿನ ಚಕ್ರಗಳನ್ನು ಗೋಣಿಚೀಲದ ಮೇಲಿಟ್ಟು ಮಕ್ಕಳಿಗೆ ಹೇಳುವಂತೆ ಹೇಳಿದ್ದ. "ನೋಡು ಉಳವಪ್ಪಣ್ಣಾ, ಸಣ್ಣದಕ್ಕ ಎಂಟು ಹಲ್ಲು, ದೊಡ್ಡದಕ್ಕ ನಲವತ್ತಮೂರು. ಅಂದ್ರ ಎಂಜಿನ್ನು ಐದೂವರಿ ಸುತ್ತು ಬಡಕೊಂಡ್ರ ನಿನ್ನ ಗಾಲಿ ಒಂದು ಸುತ್ತು ತಿರಗತೈತಿ. ಇದು ಹೊಲಕ್ಕ, ರಾಡಿಗೆ, ಏರಿಗೆ ಮಾಡಿದ್ದು. ಹೈವೇ ಮ್ಯಾಲೆ ಪಾಪ ಅದು ಒದರಲಾರದ ಏನ ಮಾಡೀತು?" ಹುಬ್ಬಳ್ಳಿಯ ಗುಜರಿಯಿಂದ ತಂದ ಬೇರೆ ಜೋಡಿಗೆ ಹನ್ನೊಂದು ಹಲ್ಲು, ನಲವತ್ತೊಂದು ಹಲ್ಲು. ಎಂಜಿನ್ನು ನಾಲ್ಕು ಸುತ್ತು ಹಾಕುವುದರೊಳಗೆ ಗಾಲಿಯ ಒಂದು ಸುತ್ತು ಮುಗಿಯುತ್ತದೆ. ಎಂಜಿನ್ನಿಗೆ ಆರಾಮ, ಡೀಸೆಲ್ಲೂ ಉಳಿಯುತ್ತದೆ. ಎಲ್ಲ ಕೂಡಿಸಿ, ಬೋಲ್ಟು ಬಿಗಿದು, ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ, "ಇನ್ನ ಮ್ಯಾಲೆ ಹಳೇ ಮೂವತ್ತೈದರ ಸಪ್ಪಳ ಬಂತು ಅಂದ್ರ ನೀ ಐವತ್ತರಾಗ ಇರತಿ, ತಿಳೀತಿಲ್ಲ? ಹಳೇ ಐವತ್ತರ ಸಪ್ಪಳ ಕೇಳಾಕ ಹೋಗಬ್ಯಾಡ. ಮೊದಲ ಒಂದು ಮುಳ್ಳು ಹಾಕಸ್ಕೋ, ನಾನs ಅದಕ್ಕ ಹೊಂದೂ ಹಲ್ಲು ಹಾಕಿ ಕೊಡತೇನಿ" ಎಂದಿದ್ದ. ಗ್ಯಾರೇಜಿನಲ್ಲಿ ಇನ್ನೂ ಮೂರು ಮಂದಿ ಡ್ರೈವರುಗಳಿದ್ದರು. ಅವರ ಮುಂದೆ ಉಳವಪ್ಪ, "ಮುಳ್ಳು ಸತ್ತು ಹನ್ನೊಂದು ವರ್ಷ ಆತು ಮಿಸ್ತ್ರಿ, ನನ್ನ ಕಿವಿ ಸತ್ತಿಲ್ಲ" ಎಂದುಬಿಟ್ಟ. ಎಲ್ಲರೂ ನಕ್ಕರು. ನಾಸಿರ ಎಣ್ಣೆಗೈಯನ್ನು ಹಣೆಗೆ ಮುಟ್ಟಿಸಿ, "ನಿನ್ನ ಕಿವಿಗೆ ನಂದೊಂದು ಸಲಾಮ್" ಎಂದ. ಆ ಸಲಾಮು ಎಷ್ಟು ಹಿತವಾಗಿತ್ತೆಂದರೆ ಅದರ ಹಿಂದಿನ ಮಾತು ಮರೆತೇಹೋಗುವಷ್ಟು. ಇಲ್ಲ, ಮರೆತಿರಲಿಲ್ಲ. ಮೊದಲ ವಾರ ನೆನಪಿಟ್ಟೇ ಓಡಿಸಿದ್ದ. ಎಂಜಿನ್ನು ಮೆಲ್ಲಗೆ ಗುಣುಗುಣು ಎನ್ನುತ್ತಿತ್ತು, ತಗಡು ಮೂಕಾಗಿತ್ತು, ಗಾಡಿ ತನ್ನದಲ್ಲ ಅನಿಸುತ್ತಿತ್ತು. ಹಿಂದೆ ಲಾರಿಗಳು ಒದರುತ್ತಿದ್ದವು, ಒಬ್ಬ ಕ್ಲೀನರು ಬಾಗಿಲಿಗೆ ಜೋತುಬಿದ್ದು, "ಕಾಕಾ, ಎತ್ತು ಹೂಡ್ಕೊಂಡು ಬಾ!" ಎಂದು ಕೂಗಿದ್ದ. ಆಮೇಲೆ ಯಾವ ದಿನ, ಯಾವ ಕಲ್ಲಿನ ಹತ್ತಿರ ಕಾಲು ತನ್ನಷ್ಟಕ್ಕೆ ತಾನೇ ಕೆಳಗಿಳಿದು ಆ ಹಳೆಯ ಹಾಡನ್ನು ಹುಡುಕಿಕೊಂಡಿತೋ. ಹಾಡು ಕೇಳಿಸಿದ ಗಳಿಗೆ ಮನೆಗೆ ಬಂದಂತಾಗಿತ್ತು, ಅಷ್ಟು ಮಾತ್ರ ನೆನಪಿತ್ತು.

"ಯಪ್ಪಾ, ಯಾಕ ಸಾವಕಾಶ ಮಾಡಿದಿ?"

"ಎಣಸು," ಎಂದ. "ಕಲ್ಲಿಂದ ಕಲ್ಲಿಗೆ ಎಣಸು. ಖರೇ ಐವತ್ತು ಬರಬೇಕಂದ್ರ ಎಷ್ಟ ಸೆಕೆಂಡು?"

ಅವಳು ಅಂಗೈ ಮೇಲೆ ಮತ್ತೆ ಗೀಚಿದಳು. ಗೀಚಿದ್ದು ನೋಡಿ ಅವಳಿಗೇ ಮೋಜೆನಿಸಿತು. "ಎಪ್ಪತ್ತೆರಡು! ಎಷ್ಟ ಮಜಾ ನೋಡು, ಅದs ಎರಡು ಅಂಕಿ, ಅದಲಿಬದಲಿ."

ಎಪ್ಪತ್ತೆರಡು ಸೆಕೆಂಡು ಸಿಗುವ ತನಕ ನಾಲ್ಕು ಕಲ್ಲು ದಾಟಿದವು. ಅರವತ್ತು ಎಂದಳು, ಅರವತ್ತಾರು ಎಂದಳು, ಪ್ರತಿ ಸಲವೂ ಅವನು ಕಾಲನ್ನು ಕೂದಲೆಳೆಯಷ್ಟು ಮೇಲೆತ್ತಿದ. ಕೊನೆಗೆ ಎಪ್ಪತ್ತೆರಡು ಎಂದಾಗ ಗಾಡಿ ನಿಂತೇ ಬಿಟ್ಟಿದೆಯೇನೋ ಅನಿಸಿತು. ಕಣಗಿಲೆ ಗಿಡಗಳು ಬಿಡಿಬಿಡಿಯಾದವು. ಒಂದರ ಬುಡದಲ್ಲಿ ಹರಿದ ಚಪ್ಪಲಿ ಬಿದ್ದದ್ದು ಕಂಡಿತು. ಇದು ಐವತ್ತು. ಇಷ್ಟು ಮೆತ್ತಗಿನ, ಇಷ್ಟು ಮೂಕ ಸಪ್ಪಳ ಐವತ್ತು. ಇದನ್ನು ಅವನು ಎಂದೂ ಕೇಳಿಯೇ ಇರಲಿಲ್ಲವೆಂಬಂತೆ ಕಿವಿ ಕಟ್ಟಿಕೊಂಡು ಕೂತಿತ್ತು. ಹಿಂದಿನಿಂದ ಲಾರಿಯೊಂದು ಉದ್ದಕ್ಕೆ ಹಾರ್ನು ಬಾರಿಸುತ್ತ ಬಂದು ಪಕ್ಕದಲ್ಲಿ ನುಗ್ಗಿ ಹೋಯಿತು. ಅವರಿಗೆ ಯಾವ ಮರ್ಯಾದೆಯೂ ಬಂದಿರಲಿಲ್ಲ.

ಆಗ ಅಮೋಘಸಿದ್ದಪ್ಪನ ಕಾಲು ಕಣ್ಣ ಮುಂದೆ ಬಂತು. ಮುಖವಲ್ಲ, ಕಾಲು, ದೀಪಾವಳಿಗೆ ನಾಲ್ಕು ದಿನ ಮುಂಚೆ, ಹಿಂದೆ ಚೀಲಗಳ ಮೇಲೆ ಮಲಗಿಸುವಾಗ ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿದ್ದ ಕಾಲು. ಎಂ.ಕೆ. ಹುಬ್ಬಳ್ಳಿಗೆ ಮೂರು ಕಿಲೋಮೀಟರ್ ಇರುವಂತೆ ಒಂದು ಹಳ್ಳಿಯ ದಾರಿ ಹೆದ್ದಾರಿಗೆ ಅಡ್ಡ ಬರುತ್ತದೆ. ಅಲ್ಲಿ ಕುರಿ ದಾಟಿಸುತ್ತಿದ್ದ ಕುರುಬ ಅವನು. ಉಳವಪ್ಪ ಬ್ರೇಕು ಒತ್ತಿದ್ದ, ಗಾಡಿ ನಿಲ್ಲುವಲ್ಲಿ ನಿಲ್ಲಲಿಲ್ಲ. ಹಿಂಡಿ ಜಾಸ್ತಿ ಹೇರಿದ್ದೆ, ಅದಕ್ಕೇ, ಎಂದು ಅವತ್ತು ತನಗೆ ತಾನೇ ಹೇಳಿಕೊಂಡಿದ್ದ. ಎರಡು ಕುರಿ ಅಲ್ಲೇ ಸತ್ತವು. ಇವನೇ ದವಾಖಾನೆಗೆ ಒಯ್ದ, ಇವನೇ ಎರಡು ರಾತ್ರಿ ಅಲ್ಲಿ ಕೂತ. ಕಾಲು ಉಳಿಯಲಿಲ್ಲ. ಆಮೇಲೆ ಊರ ಹಿರಿಯ ಬಸಯ್ಯ ಗುಡಿಕಟ್ಟೆಯಲ್ಲಿ ಪಂಚಾಯಿತಿ ಕೂಡಿಸಿದಾಗ ಅಮೋಘಸಿದ್ದಪ್ಪನನ್ನು ಹೊರಸಿನ ಮೇಲೆ ಹೊತ್ತು ತಂದಿದ್ದರು. "ಎಷ್ಟರಾಗ ಹೊಂಟಿದ್ಯೋ ತಮ್ಮಾ?" ಎಂದು ಬಸಯ್ಯ ಕೇಳಿದ. "ಐವತ್ತರಾಗರಿ ಅಯ್ನಾರ. ಹೆಂಡ್ತಿ ಮ್ಯಾಲೆ ಆಣಿ ಐತಿ." ಹೊರಸಿನ ಮೇಲಿಂದ ಅಮೋಘಸಿದ್ದಪ್ಪ ಒಂದೇ ಮಾತನ್ನು ತಿರುತಿರುಗಿ ಹೇಳಿದ್ದ: "ಗಾಡಿ ದೂರ ಇತ್ತರಿ. ನಾ ನೋಡೇ ದಾಟಿದ್ನಿ, ದೂರ ಇತ್ತು." ಸಪ್ಪಳ ಹೆಂಗಿತ್ತು ಎಂದು ಬಸಯ್ಯ ಕೇಳಿದಾಗ, ಸುಳ್ಳು ಹೇಳಲಾರದ ಮನುಷ್ಯ, "ಯಾವಾಗಿನದs ಸಪ್ಪಳರಿ. ತಗಡ ಹಾಡತಿತ್ತು" ಎಂದ. ಅಲ್ಲಿಗೆ ಮುಗಿಯಿತು. ಯಾವಾಗಿನ ಸಪ್ಪಳವಾದರೆ ಯಾವಾಗಿನ ಐವತ್ತು. ಉಳವಪ್ಪನದು ತಪ್ಪಿಲ್ಲ, ಅಮೋಘಸಿದ್ದಪ್ಪನ ಕಣ್ಣು ಹೋಗಿದೆ, ದೂರ-ಹತ್ತಿರ ತಿಳಿಯುತ್ತಿಲ್ಲ ಎಂದು ಹಿರಿಯರು ಎದ್ದರು. ತಪ್ಪಿಲ್ಲ ಎನ್ನಿಸಿಕೊಂಡು ಮನೆಗೆ ಬಂದ ದಿನ ಬಾಯವ್ವ ಕೈಕಾಲಿಗೆ ನೀರು ಕೊಟ್ಟು, "ನನ್ನ ಆಣಿ ನಿಮ್ಮನ್ನ ಉಳಿಸ್ತು" ಎಂದಿದ್ದಳು.

ತಗಡು ಹಾಡುತ್ತಿತ್ತು. ಅಮೋಘಸಿದ್ದಪ್ಪನ ಅದೇ ಮಾತು ಅಂದು ಅವನನ್ನು ಬಿಡಿಸಿತ್ತು, ಈಗ ಅದೇ ಮಾತು ಕುತ್ತಿಗೆಗೆ ಬಂತು. ತಗಡು ಹಾಡುತ್ತಿತ್ತು ಎಂದಮೇಲೆ ಎಪ್ಪತ್ತೆರಡು. ಅಂದು ಎಷ್ಟಿತ್ತೋ ಯಾರು ಎಣಿಸಿದ್ದರು ಎಂದು ಮನಸ್ಸು ಒಂದು ಗಳಿಗೆ ಕಳ್ಳದಾರಿ ಹುಡುಕಿತು, ಆದರೆ ಅಮೋಘಸಿದ್ದಪ್ಪ ಎಣಿಸಿದ್ದ. ತನ್ನ ವಿರುದ್ಧವೇ ಸಾಕ್ಷಿ ಹೇಳಿ ಎಣಿಸಿಕೊಟ್ಟಿದ್ದ. ಹಳ್ಳಿಯ ದಾರಿ ಬಂದಾಗ ಉಳವಪ್ಪನ ಕೈ ಎಡಕ್ಕೆ ತಿರುಗಿತು. ತಿರುಗಿಸಬೇಕೆಂದು ಅವನು ಗಟ್ಟಿ ಮಾಡಿರಲಿಲ್ಲ.

"ಇದು ಅತ್ತಿ ಮನಿ ಹಾದಿ ಅಲ್ಲಲ್ಲ?"

"ಗೊತ್ತೈತಿ. ಸುಮ್ಮ ಕುಂದ್ರು."

ಅಮೋಘಸಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಮೂಗಿನ ಮೇಲೆ ದಪ್ಪ ಗಾಜಿನ ಚಾಳೀಸು. ಸಪ್ಪಳ ಕೇಳಿ ತಲೆಯೆತ್ತಿದ, ಕಣ್ಣು ಕಿರಿದು ಮಾಡಿದ, ಚಾಳೀಸಿನ ಮೇಲಿಂದ ನೋಡಿದ. "ಯಾರವರು?"

"ನಾನು ಕಾಕಾ, ಉಳವಪ್ಪ."

"ಉಳವಪ್ಪಣ್ಣಾರs? ಬರ್ರಿ, ಬರ್ರಿ. ಸಪ್ಪಳದ ಮ್ಯಾಲೆ ಗುರುತs ಹತ್ತಲಿಲ್ಲಲ್ರಿ. ಇಷ್ಟ ಸಾವಕಾಶ ಬಂದೀರಿ, ಯಾರದೋ ಬ್ಯಾರೆ ಗಾಡಿ ಅಂದ್ನಿ."

ಅವನ ಹೆಂಡತಿ ಮರೆವ್ವ ಬಾಗಿಲಲ್ಲಿ ಬಂದು ನಿಂತಳು. "ಐದು ತಿಂಗಳಿಗೆ ದಾರಿ ಸಿಕ್ತೇನ್ರಿ? ಇನ್ನೊಂದು ಕಾಲು ಐತೋ ಇಲ್ಲೋ ನೋಡ್ಕೊಂಡು ಹೋಗಾಕ ಬಂದ್ರೇನು?"

"ಏ, ಮನಿಗೆ ಬಂದವರಿಗೆ ಹಂಗ ಅಂತಾರೇನ? ಹುಡಿಗಿ ಬಂದಾಳ, ಮಜ್ಜಿಗಿ ಕೊಡು." ಅಮೋಘಸಿದ್ದಪ್ಪ ಕಟ್ಟೆಯ ಮೇಲೆ ಸರಿದು ಜಾಗ ಮಾಡಿದ. ಸರಿಯುವಾಗ ಧೋತರದ ಖಾಲಿ ಬದಿ ಅವನ ಹಿಂದೆ ತಾನೂ ಸರಿಯಿತು. "ಆಕಿ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾನs ನಿಮ್ಮ ಹಂತ್ಯಾಕ ಬರಬೇಕಂತಿದ್ನಿ, ತಪ್ಪಾತು ಅನ್ನಾಕ. ಮಂದ್ಯಾಗ ನಿಮ್ಮ ಮ್ಯಾಲೆ ಹೇಳಿದ್ನಿ, ಗಾಡಿ ದೂರ ಇತ್ತು, ದೂರ ಇತ್ತು ಅಂತ. ಕಣ್ಣ ಹೋಗಿದ್ದು ನನಗ ತಿಳೀಲಿಲ್ಲ ನೋಡ್ರಿ. ನಿಮ್ಮ ಸಪ್ಪಳ ಆ ಹುಣಸೀಗಿಡದ ಹಂತ್ಯಾಕ ಕೇಳಿಸ್ತು ಅಂದ್ರ ಇಪ್ಪತ್ತು ಕುರಿ ದಾಟಿಸಿ, ನಾನೂ ದಾಟಿ, ಎಲಿ ಹಾಕ್ಕೋತ ನಿಂದ್ರತಿದ್ನಿ. ಹತ್ತು ವರ್ಷ ಅದs ಅಳತಿ. ಅವತ್ತ ಹೆಂಗ ತಪ್ಪಿತೋ." ಚಾಳೀಸನ್ನು ಮುಟ್ಟಿಕೊಂಡ. "ಕಣ್ಣಿನ ಕ್ಯಾಂಪಿನ್ಯಾಗ ಇದನ್ನ ಕೊಟ್ರು. ಹಾಕ್ಕೊಂಡ್ರ ತಲಿ ತಿರಗತೈತಿ, ನೆಲ ಮ್ಯಾಲೆ ಎದ್ದು ಬರತೈತಿ. ಆದ್ರೂ ಹಾಕ್ಕೋತೇನಿ. ಕಣ್ಣಿಲ್ಲದಾಂವ ಕುರಿ ಏನ ಕಾಯತಾನ? ಅಳಿಯಗ ಕೊಟ್ಟಬಿಟ್ನಿ."

ಮಂಜುಳಾ ಮಜ್ಜಿಗೆಯ ಗ್ಲಾಸು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಕುಡಿಯುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಅವಳ ತುಟಿ ಮತ್ತೆ ಏನನ್ನೋ ಎಣಿಸುತ್ತಿತ್ತು. ಆ ದಿನದ ಲೆಕ್ಕ ಅವಳಿಗೂ ಸಿಕ್ಕಿತೆಂಬುದು ಅವಳ ಮುಖ ಬಿಳಿಚಿದಾಗ ಉಳವಪ್ಪನಿಗೆ ತಿಳಿಯಿತು. ಏನೂ ಹೇಳದೆ ಈಗ ಎದ್ದು ಹೋದರೂ ಇವಳು ಗಾಡಿಯಲ್ಲಿ ಪಕ್ಕದಲ್ಲೇ ಕೂತಿರುತ್ತಾಳೆ. ಅವನಿಗೆ ಮೂತ್ರಕ್ಕೆ ಅವಸರವಾದಂತಾಯಿತು, ಸಣ್ಣವನಿದ್ದಾಗ ಮಾಸ್ತರರ ಮುಂದೆ ಆಗುತ್ತಿದ್ದ ಹಾಗೆ.

"ಕಾಕಾ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

"ಏನಂದ್ರಿ?"

"ಗಾಡಿ ಹಿಂದಿನ ಹಲ್ಲಿನ ಚಕ್ರ ಬದಲಿ ಮಾಡಿಸೇನಿ. ಯುಗಾದಿ ಆದ ಮ್ಯಾಲೆ. ಸಪ್ಪಳ ಅದs ಬರತೈತಿ, ಗಾಡಿ ಒಂದೂವರಿಪಟ್ಟು ಜೋರ ಹೋಕ್ಕೈತಿ. ನನಗ ಗೊತ್ತಾಗಿದ್ದು ಇವತ್ತ. ಅವತ್ತ ನಾ ಐವತ್ತರಾಗ ಇದ್ದಿಲ್ಲ. ಎಪ್ಪತ್ತೆರಡರಾಗ ಇದ್ನಿ."

ಉಣ್ಣೆ ನೂಲುವ ಕದರು ನಿಂತಿತು. ಅಮೋಘಸಿದ್ದಪ್ಪನ ಬಾಯಿ ಅರ್ಧ ತೆರೆದುಕೊಂಡಿತ್ತು. ಸಿಟ್ಟು ಬರುತ್ತದೆ ಎಂದು ಉಳವಪ್ಪ ಕಾದ. ಬರಲಿ ಎಂದು ಮೈಯನ್ನು ಸಜ್ಜು ಮಾಡಿಕೊಂಡ. ಬಂದದ್ದು ಬೇರೆ.

"ಹಂಗಾರ ಗಾಡಿ ದೂರ ಇತ್ತು."

"ದೂರ ಇತ್ತು ಕಾಕಾ."

"ನಾ ನೋಡಿದ್ದು ಖರೇ."

"ಖರೇ."

"ಮರೆವ್ವಾ," ಎಂದು ಅವನು ಕೂಗಿದ, ಹಬ್ಬದ ಸುದ್ದಿ ಹೇಳುವವನ ಹಾಗೆ. "ಕೇಳಿದೇನ? ದೂರ ಇತ್ತಂತ! ನಾ ಹೇಳಿರಲಿಲ್ಲ? ದೂರ ಇತ್ತು!" ಅವನು ನಗುತ್ತಿದ್ದ. ಚಾಳೀಸಿನೊಳಗೆ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಆ ನಗುವನ್ನು ನೋಡಲಾಗದೆ ಉಳವಪ್ಪ ನೆಲ ನೋಡಿದ. ಹೊಡೆದಿದ್ದರೆ ಸಹಿಸಬಹುದಿತ್ತು. ಕಾಲು ಕಳೆದುಕೊಂಡವನು ಕಣ್ಣು ಸಿಕ್ಕಿತೆಂದು ತನ್ನ ಮುಂದೆ ಹಿಗ್ಗುವುದನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಮರೆವ್ವ ನಗಲಿಲ್ಲ. ಹೊಸ್ತಿಲು ದಾಟಿ ಬಂದು ಇವನ ಎದುರಿಗೆ ನಿಂತಳು. "ಐದು ತಿಂಗಳು ಈ ಮನಶ್ಯಾನ್ನ ಊರಾಗ ಕುರುಡ ಅಂದಾರ. ಕೂಸುಗಳು ಅಡ್ಡ ಬಂದು ಬೆರಳ ತೋರಿಸಿ, ಎಷ್ಟ ಹೇಳಜ್ಜಾ ಅಂದಾವು. ಬಸಯ್ಯನವರ ಮುಂದ ಬಂದು ಇದನ್ನ ಹೇಳತೀರಿ?"

"ಈಗs ಹೇಳತೇನಿ."

"ಮನ್ಯಾಗ? ಹೆಂಡ್ತಿ ಮ್ಯಾಲೆ ಆಣಿ ಮಾಡೇನಿ ಅಂದ್ರಿ, ಊರು ಆಕಿ ಮಾರಿ ನೋಡಿ ನಂಬಿತು. ಆಕಿಗೆ ಹೇಳೀರಿ?"

"ಇನ್ನs ಇಲ್ಲ."

"ಹೇಳ್ರಿ," ಎಂದಳು ಮರೆವ್ವ. ಮಂಜುಳಾಳ ಕೈಯಿಂದ ಗ್ಲಾಸು ಇಸಿದುಕೊಂಡು, ಉಳಿದ ಮಜ್ಜಿಗೆಯನ್ನು ಅಂಗಳಕ್ಕೆ ಚೆಲ್ಲಿ, ಬಸಯ್ಯನ ಮನೆಯ ಕಡೆಗೆ ಮುಂದಾಗಿ ನಡೆದಳು. ಉಳವಪ್ಪ ಎದ್ದು ಆಕೆಯ ಹಿಂದೆ ಹೊರಟ. ಬಾಯವ್ವನಿಗೆ ಕೊಟ್ಟ ಮಾತು ಮುರಿದು ಹನ್ನೊಂದು ತಿಂಗಳಾಗಿತ್ತು.